ಬೆನ್ನು ಹಾಕಿ ಕುಳಿತ ಕಲ್ಲುಬೆಂಚು

ನಿವೃತ್ತನಾದ ಮೇಲೆ ನನಗೆ ಸಂಜೆ 5ರಿಂದ 7ರವರೆಗೆ ಹೊಸ ಉದ್ಯೋಗವೊಂದು ದೊರಕಿದೆ. ನಾಲ್ಕು ವರ್ಷದ ಮೊಮ್ಮಗಳನ್ನು ನಮ್ಮ ಬಡಾವಣೆಯ ಪಾರ್ಕಿನಲ್ಲಿ ಆಡಿಸಿಕೊಂಡು ಬರುವುದು. ಮಕ್ಕಳು ಬಿದ್ದರೆ ಪೆಟ್ಟಾಗದಿರಲೆಂದು ಅಲ್ಲಿ ಮರಳು ಹಾಸಿದ್ದಾರೆ. ಕಾಯುವವರಿಗಿರುವುದು ಮಾತ್ರ ಒಂದೇ ಕಲ್ಲುಬೆಂಚು; ಅದೂ ವಾಕಿಂಗ್ ಹಾದಿಗೆ ಮುಖ ಮಾಡಿ, ಜಾರುಬಂಡೆಗೆ ಬೆನ್ನು ಹಾಕಿ ಕುಳಿತಿದೆ. ಅಲ್ಲಿ ಕುಳಿತು ಮಗುವಿನ ಮೇಲೆ ಕಣ್ಣಿಡಬೇಕಾದರೆ ಗೂಬೆಯ ಕತ್ತು ಬೇಕು. ಮಗಳು ಚಿಕ್ಕವಳಿದ್ದಾಗ ಕಬ್ಬನ್ ಪಾರ್ಕಿನ ಬಾಲಭವನಕ್ಕೆ ಹೋದರೆ, ಪುಟಾಣಿ ರೈಲಿನಲ್ಲಿ ನಾನೂ ಅವಳ ಪಕ್ಕದಲ್ಲೇ ಹಾಯಾಗಿ ಕುಳಿತುಬಿಡುತ್ತಿದ್ದೆ. ಈಗ ಮೂರು ತಿಂಗಳು ಕತ್ತು ತಿರುಚಿದ ಫಲವಾಗಿ ಮೂಳೆ ವೈದ್ಯರ ಮುಂದೆ ಹೋಗಿ ನಿಂತಾಗ, ಅವರು "ಯಾವ ಆಟ ಆಡುತ್ತೀರಿ?" ಎಂದು ಕೇಳಿದರು. "ನಾನು ಆಡುವುದಿಲ್ಲ ಡಾಕ್ಟರೇ, ಆಡಿಸುತ್ತೇನೆ" ಎಂದೆ.

ಉಯ್ಯಾಲೆಯ ಸಂಕಟವೇ ಬೇರೆ. 2 ಮೀಟರ್ ಸರಪಳಿಯ ಉಯ್ಯಾಲೆ ಒಮ್ಮೆ ಹೋಗಿ ಬರಲು ಸುಮಾರು 2.8 ಸೆಕೆಂಡು ಹಿಡಿಯುತ್ತದೆ. ಕುಳಿತ ಮಗು ಸಣಕಲಾಗಿರಲಿ, ಗುಂಡಗಿರಲಿ, ಹೆಚ್ಚುಕಡಿಮೆ ಅಷ್ಟೇ. ಆ ಲೆಕ್ಕದಲ್ಲಿ ಮೊಮ್ಮಗಳು ಕೇಳುವ ನೂರು ಸಲ ಐದು ನಿಮಿಷದೊಳಗೆ ಮುಗಿಯಬೇಕು. ಆದರೆ ಅವಳಿಗೆ ಎಣಿಕೆ ಬರುವುದು ಇಪ್ಪತ್ತರವರೆಗೆ ಮಾತ್ರವಾದ್ದರಿಂದ, ಇಪ್ಪತ್ತಾದೊಡನೆ ಮತ್ತೆ ಒಂದರಿಂದ ಶುರುವಾಗುತ್ತದೆ. ನೂರು ಬರುವುದೇ ಇಲ್ಲ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರಬಾರದೆಂದೂ, ಅದರ ಪಾದ ಅಂಚಿಗೆ ಸಿಕ್ಕಿಕೊಂಡರೆ ದೊಡ್ಡವರ ಭಾರಕ್ಕೆ ಕಾಲಿನ ಮೂಳೆ ಮುರಿಯಬಹುದೆಂದೂ ಅದೇ ವೈದ್ಯರು ಎಚ್ಚರಿಸಿದ್ದರು. ಹಾಗಾಗಿ ಡಿಸೆಂಬರಿನ ಒಂದು ಸಂಜೆ ಅವಳೊಬ್ಬಳನ್ನೇ ಹತ್ತಿಸಿದೆ. ತುದಿಗೆ ಹೋದವಳು ಭಯಪಟ್ಟು ಅಲ್ಲೇ ಕುಳಿತಳು. ಕರೆತರಲು ನಾನು ಏಣಿ ಹತ್ತಿದೆನೋ ಇಲ್ಲವೋ, ಅವಳು ಸರ್ರನೆ ಜಾರಿ ಕೆಳಗೆ ನಿಂತು ಚಪ್ಪಾಳೆ ತಟ್ಟಿದಳು. ನನ್ನ ಹಿಂದೆ ಏಣಿಯ ತುಂಬ ಮಕ್ಕಳಿದ್ದುದರಿಂದ ಇಳಿಯಲು ಉಳಿದದ್ದು ಒಂದೇ ದಾರಿ. ಅದರ ನಡುವಿನಲ್ಲಿ ನಾನು ಬಿರಡೆಯಂತೆ ಸಿಕ್ಕಿಕೊಂಡೆ. "ತಾತ, ಬೇಗ ಹೋಗಿ!" ಎಂದು ಮೇಲಿನಿಂದ ಕೂಗು.

ನನ್ನನ್ನು ಪಾರುಮಾಡಿದವರು ಪಕ್ಕದ ಅಪಾರ್ಟ್‌ಮೆಂಟಿನ ಮಗುವನ್ನು ಆಡಿಸಲು ಬರುವ ರಾಯಚೂರು ಕಡೆಯ ಹೆಂಗಸು. ಸಂಬಳಕ್ಕೆ ಬಂದವರು ಕುಳಿತರೆ ಮನೆಯವರು ಏನೆಂದಾರೋ ಎಂದು ಆಕೆ ಎರಡು ಗಂಟೆಯೂ ನಿಂತೇ ಇರುತ್ತಾರೆ. ಆ ಬೆಂಚು ಅವರ ಪಾಲಿಗಂತೂ ಇಲ್ಲವೇ ಇಲ್ಲ. "ಗಾಬರಿ ಆಗಬ್ಯಾಡ್ರಿ ಅಜ್ಜಾರ, ಅಂಚು ಬಿಡ್ರಿ" ಎಂದು ನನ್ನೆರಡೂ ಕಾಲು ಹಿಡಿದು ಎಳೆದರು. ನಾನು ಇಳಿದೆ, ಪ್ಯಾಂಟಿನ ಹಿಂಭಾಗದ ಒಂದಂಶ ಅಲ್ಲೇ ಉಳಿಯಿತು.

ಮನೆಯಲ್ಲಿ ನನ್ನವಳು ಮೊಮ್ಮಗಳ ಮೊಣಕಾಲು, ಮೊಣಕೈ, ನೆತ್ತಿ ಎಲ್ಲವನ್ನೂ ದೀಪದ ಬೆಳಕಿನಲ್ಲಿ ಪರೀಕ್ಷಿಸಿ, ಒಂದು ಗೀರೂ ಇಲ್ಲದ್ದಕ್ಕೆ ಸಂತೋಷಪಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ಚಳಿಯಲ್ಲಿ ಸ್ವೆಟರನ್ನು ಸೊಂಟಕ್ಕೇಕೆ ಕಟ್ಟಿಕೊಂಡಿದ್ದೀರಿ?" ಎಂದಳು.