ಏಡಿ ಫ್ರೀ, ಪಂಜರಕ್ಕೆ ದುಡ್ಡು

ಫ್ಲಾರಿಡಾದ ಟ್ಯಾಂಪಾಕ್ಕೆ ಬಂದು ಹನ್ನೊಂದು ವರ್ಷ ಆಯ್ತು. ಇಲ್ಲಿ ಬೀಚ್ ಹತ್ರ ಟೀಶರ್ಟು, ಶಂಖ, ಸನ್‌ಸ್ಕ್ರೀನ್ ಮಾರೋ ಅಂಗಡಿಗಳಿಗೆ ಹೋದ್ರೆ ಬಾಗಿಲ ಪಕ್ಕದಲ್ಲೇ ಒಂದು ತಂತಿ ಪಂಜರ ಇರತ್ತೆ, ಅದರ ತುಂಬ ಹರ್ಮಿಟ್ ಕ್ರ್ಯಾಬು, ಕನ್ನಡದಲ್ಲಿ ಸನ್ಯಾಸಿ ಏಡಿ ಅಂತಾರಲ್ಲ ಅದು. ಸನ್ಯಾಸಿಗಳ ಬೆನ್ನಮೇಲಿನ ಚಿಪ್ಪಿಗೆ ಕಾರ್ಟೂನ್ ಮುಖ, ಫುಟ್ಬಾಲ್ ಟೀಮಿನ ಬಣ್ಣ ಬಳಿದಿರ್ತಾರೆ. ಪಂಜರ ತಗೊಂಡ್ರೆ ಏಡಿ ಫ್ರೀ ಅಂತ ಬೋರ್ಡು ಬೇರೆ.

ಮಗಳಿಗೆ ಆಗ ಐದು ವರ್ಷ. ಅಪ್ಪಾ ಅಪ್ಪಾ ಅಂತ ಅಂಗಿ ಜಗ್ಗಿದ್ಲು, ಎರಡು ನಿಮಿಷದಲ್ಲಿ ಬಿಲ್ ಆಯ್ತು. ಒಂದು ಫೋನ್ ಕವರ್ ತಗೊಳ್ಳೋಕೆ ಎರಡು ದಿನ ರಿವ್ಯೂ ಓದೋ ಮನುಷ್ಯ ನಾನು, ಜೀವ ಇರೋ ಪ್ರಾಣಿ ತಗೊಳ್ಳೋವಾಗ ಏನೂ ಕೇಳ್ಲಿಲ್ಲ. ಅಂಗಡಿಯವನು ಸ್ಪಂಜ್ ಒದ್ದೆ ಮಾಡಿ ಇಡಿ ಸಾಕು ಅಂದ, ಹೂಂ ಅಂದೆ. ಏಳು ವಾರಕ್ಕೆ ಸತ್ತೋಯ್ತು.

ಆಮೇಲೆ ಓದಿ ತಿಳ್ಕೊಂಡಿದ್ದು. ಈ ಏಡಿ ನೆಲದ ಮೇಲೆ ಓಡಾಡಿದ್ರೂ ಉಸಿರಾಡೋದು ಕಿವಿರಿನ ಥರದ್ದರಲ್ಲೇ, ಅದು ಯಾವಾಗ್ಲೂ ಒದ್ದೆ ಇರ್ಬೇಕು. ಗಾಳಿಯಲ್ಲಿ ತೇವ ಕಮ್ಮಿ ಆದ್ರೆ ದಿನಾ ಸ್ವಲ್ಪ ಸ್ವಲ್ಪ ಉಸಿರು ಕಟ್ಟಿ ಸಾಯತ್ತೆ, ನಾವು ಮಾತ್ರ ಯಾಕೋ ಡಲ್ ಆಗಿದೆ ಅಂದ್ಕೋತೀವಿ. ನಾನಿಟ್ಟಿದ್ದು ತಂತಿ ಪಂಜರದಲ್ಲಿ, ಇಪ್ಪತ್ನಾಲ್ಕು ಗಂಟೆ ಏಸಿ ಓಡೋ ಮನೇಲಿ! ಇದಕ್ಕೆ ಉಪ್ಪುನೀರು ಸಿಹಿನೀರು ಎರಡೂ ಬೇಕು, ಪೊರೆ ಬಿಡೋಕೆ ಹೂತುಕೊಳ್ಳುವಷ್ಟು ಆಳದ ಒದ್ದೆ ಮರಳು ಬೇಕು. ಸಮುದ್ರದ ದಡದಲ್ಲಿ ಅದರ ಪಾಡಿಗೆ ಬಿಟ್ರೆ ಮೂವತ್ತು ವರ್ಷ ಬದುಕೋ ಜೀವ ಅದು. ಅಂಗಡಿಗೆ ಬರೋದೆಲ್ಲ ಕೆರಿಬಿಯನ್ ದ್ವೀಪಗಳ ಕಡೆ ಕಾಡಲ್ಲಿ ಆರಿಸಿ ತಂದಿದ್ದು, ಯಾಕಂದ್ರೆ ಇದರ ಮರಿ ಮೊದಲು ಸಮುದ್ರದಲ್ಲಿ ಬೆಳೀಬೇಕು, ಸಾಕಿ ಮರಿ ಮಾಡಿಸೋದು ತುಂಬಾ ಕಷ್ಟ. ಮಗಳಿಗೆ ಇದನ್ನೆಲ್ಲ ಹೇಳ್ಲಿಲ್ಲ, ವಯಸ್ಸಾಗಿತ್ತು ಪುಟ್ಟಿ ಅಂದೆ. ಸುಳ್ಳು.

ಫ್ಲಾರಿಡಾದವರಿಗೆ ಈ ಪಾಠ ಹೊಸದಲ್ಲ. ದಕ್ಷಿಣಕ್ಕೆ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬರ್ಮಾ ಹೆಬ್ಬಾವು ತುಂಬಿಕೊಂಡಿವೆ. ಮರಿ ಇದ್ದಾಗ ಮುದ್ದಾಗಿತ್ತು, ಹತ್ತು ಹನ್ನೆರಡು ಅಡಿ ಆದ್ಮೇಲೆ ಬೇಡ ಅಂತ ಬಿಟ್ಟಿದ್ದು ಕೆಲವು, ತಪ್ಪಿಸಿಕೊಂಡಿದ್ದು ಕೆಲವು, 1992ರ ಆಂಡ್ರ್ಯೂ ಚಂಡಮಾರುತದಲ್ಲಿ ಪುಡಿಯಾದ ಸಾಕಣೆ ಕೇಂದ್ರದಿಂದ ಬಂದಿರಬಹುದಾದ್ದು ಇನ್ನು ಕೆಲವು. 2012ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಅಲ್ಲಿ ರಕೂನ್ ಅನ್ನೋ ಬೆಕ್ಕಿನಷ್ಟು ದೊಡ್ಡ ಕಾಡುಪ್ರಾಣಿ ಕಣ್ಣಿಗೆ ಬೀಳೋದು ಶೇ. 99ರಷ್ಟು ಕಮ್ಮಿ ಆಗಿತ್ತು. ಕೇಂದ್ರ ಸರ್ಕಾರ ಆ ಹಾವಿನ ಆಮದು ನಿಲ್ಲಿಸಿದ್ದೂ 2012ರಲ್ಲೇ, ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ ಅನ್ನೋ ಹಾಗೆ. ತಮಾಷೆ ಅಂದ್ರೆ 2017ರಲ್ಲಿ ಹಾವು ಹುಡುಕೋಕೆ ನಮ್ಮ ಪಕ್ಕದ ತಮಿಳುನಾಡಿಂದ ಹಾವು ಹಿಡಿಯೋದ್ರಲ್ಲಿ ಪಳಗಿದ ಇರುಳ ಬುಡಕಟ್ಟಿನ ಇಬ್ಬರನ್ನ ಕರೆಸಿಕೊಂಡ್ರು, ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್. ಬಂದ ಎರಡು ವಾರದೊಳಗೆ 13 ಹೆಬ್ಬಾವು ಹಿಡಿದ್ರು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ನಾವು ಇಲ್ಲಿಗೆ ಬಂದವರೆಲ್ಲ ಕಂಪ್ಯೂಟರ್ ಕುಟ್ಟೋರು, ನನಗಂತೂ ಆ ಸುದ್ದಿ ಓದಿ ಸಿಕ್ಕಾಪಟ್ಟೆ ಖುಷಿ ಆಗಿತ್ತು.

ಇಗ್ವಾನಾ ಅಂತ ದೊಡ್ಡ ಹಲ್ಲಿ ಥರದ್ದು ಇದೆ, ಅದರ ಕಥೆನೂ ಇದೇ. 2020ರ ಜನವರಿಯಲ್ಲಿ ಮಯಾಮಿಯ ಹವಾಮಾನ ಕಚೇರಿಯವರು ಚಳಿಗೆ ಮರಗಟ್ಟಿದ ಇಗ್ವಾನಾ ಮರದಿಂದ ತಲೆ ಮೇಲೆ ಬೀಳಬಹುದು ನೋಡ್ಕೊಳ್ಳಿ ಅಂತ ಎಚ್ಚರಿಕೆ ಕೊಟ್ಟಿದ್ರು. ಅದನ್ನೂ ಪೆಟ್ ಅಂತ ಮಾರ್ತಾ ಇದ್ದಿದ್ದೇ, 2021ರಲ್ಲಿ ನಿಷೇಧದ ಪಟ್ಟಿಗೆ ಸೇರಿಸಿದ್ರು.

ನಮ್ಮೂರಲ್ಲಿ ಹಿಂಗೆಲ್ಲ ಇಲ್ಲ ಬಿಡಿ ಅಂತ ನಾನೂ ಅಂದ್ಕೊಂಡಿದ್ದೆ. ಹಾವು ಕಂಡ್ರೆ ನಾಗಬನಕ್ಕೆ ಹೋಗಿ ಕೈಮುಗಿದು ಬರೋ ಜನ, ಮನೆಗೆ ಯಾರಾದ್ರೂ ತರ್ತಾರಾ? ತರ್ತಾರೆ. 2023ರ ಆಗಸ್ಟಲ್ಲಿ ಬೆಂಗಳೂರು ಏರ್‌ಪೋರ್ಟಲ್ಲಿ ಬ್ಯಾಂಕಾಕ್‌ನಿಂದ ಬಂದವನ ಹತ್ರ 234 ಪ್ರಾಣಿ ಸಿಕ್ಕಿದ್ವು, ಹೆಬ್ಬಾವು, ಊಸರವಳ್ಳಿ, ಇಗ್ವಾನಾ, ಮೊಸಳೆ ಜಾತಿಯದ್ದು, ಜೊತೆಗೆ ಉಸಿರುಕಟ್ಟಿ ಸತ್ತ ಒಂದು ಕಾಂಗರೂ ಮರಿ. ಮರು ತಿಂಗಳು ಅದೇ ಏರ್‌ಪೋರ್ಟಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, 6 ಸತ್ತ ಕ್ಯಾಪುಚಿನ್ ಕೋತಿ. ಸೂಟ್‌ಕೇಸಲ್ಲಿ ಕಾಳಿಂಗ! ಕೊಳ್ಳೋರು ಇದಾರೆ ಅನ್ನೋ ಧೈರ್ಯ ಇಲ್ದೆ ಯಾರೂ ಇದನ್ನ ಹೊತ್ಕೊಂಡು ಬರಲ್ಲ. 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿ ಆದ್ಮೇಲೆ ಇಂಥ ಬೇಕಾದಷ್ಟು ವಿದೇಶಿ ಜಾತಿಗಳನ್ನ ಸಾಕೋರು ಸರ್ಕಾರಕ್ಕೆ ತಿಳಿಸಿ ನೋಂದಣಿ ಮಾಡಿಸ್ಬೇಕು. ಒಳ್ಳೇದೇ, ಆದ್ರೆ ಅದೂ ಕೊಂಡ ಮೇಲಿನ ಮಾತಾಯ್ತು.

ಅದು ಹಾಳಾಗ್ಲಿ, ನಮ್ಮ ಅಕ್ಕನ ಮನೆ ವಿಷಯಕ್ಕೆ ಬರ್ತೀನಿ. ಬೆಂಗಳೂರಲ್ಲಿ ಅವಳ ಮಗನಿಗೆ ಅಕ್ವೇರಿಯಂ ಅಂಗಡಿಯಿಂದ ಎರಡು ಆಮೆ ಮರಿ ತಂದುಕೊಟ್ಟಿದ್ರು, ಕಿವಿ ಹತ್ರ ಕೆಂಪು ಪಟ್ಟೆ ಇರತ್ತಲ್ಲ, ರೆಡ್ ಇಯರ್ಡ್ ಸ್ಲೈಡರ್. ಬಿಸ್ಕತ್ತಿನಷ್ಟಿತ್ತು. ಮನೇಲಿ ಆಮೆ ಇದ್ರೆ ಲಕ್ಷ್ಮಿ ಬರ್ತಾಳೆ ಅಂತ ಭಾವನೂ ಒಪ್ಪಿದ್ರು. ಇದು ಅಮೆರಿಕದ್ದೇ ಆಮೆ, ಆದ್ರೆ ಫ್ಲಾರಿಡಾದಲ್ಲಿ ಇದನ್ನ ಪೆಟ್ ಆಗಿ ಮಾರೋ ಹಾಗಿಲ್ಲ. ಅಷ್ಟೇ ಅಲ್ಲ, ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಯಾವ ಆಮೆನೂ ಪೆಟ್ ಅಂತ ಮಾರಬಾರದು ಅಂತ 1975ರಿಂದ ದೇಶಕ್ಕೆಲ್ಲ ರೂಲ್ ಇದೆ, ಮಕ್ಕಳು ಮರಿ ಆಮೆನ ಬಾಯಿಗಿಟ್ಕೊಂಡು ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಸೋಂಕು ಬಂದು ಆಸ್ಪತ್ರೆ ಸೇರ್ತಿದ್ರಂತೆ. ಅಕ್ಕನ ಮನೇದು ಮೂರ್ನಾಲ್ಕು ವರ್ಷಕ್ಕೆ ಊಟದ ತಟ್ಟೆಯ ಅಗಲಕ್ಕೆ ಬೆಳೀತು, ನೀರು ಗಬ್ಬು ನಾರೋಕೆ ಶುರು ಆಯ್ತು.

ಹೋದ ಸಲ ಫೋನ್ ಮಾಡಿದಾಗ ಆಮೆ ಹೆಂಗಿದೆ ಅಂದೆ.

"ಕೆರೇಲಿ ಬಿಟ್ವಿ ಕಣೋ. ಪಾಪ, ಎಷ್ಟು ದಿನ ಅಂತ ಗಾಜಿನ ಡಬ್ಬದಲ್ಲಿ ಇರತ್ತೆ. ಪುಣ್ಯ ಬರತ್ತೆ."

ಇಲ್ಲಿ ಹೆಬ್ಬಾವು ಬಿಟ್ಟೋರೂ ಹೆಚ್ಚುಕಮ್ಮಿ ಹಿಂಗೇ ಅಂದ್ಕೊಂಡಿರ್ತಾರೆ ನೋಡಿ, ಪಾಪ ಆರಾಮಾಗಿರ್ಲಿ ಅಂತ. ಕೊಲ್ಲೋಕೆ ಮನಸ್ಸು ಬಾರದವರು, ಒಳ್ಳೆಯವರೇ. ಆ ಕೆರೇಲಿ ಮೊದಲಿಂದ ಇರೋ ನಮ್ಮ ಆಮೆಗಳ ಜಾಗ, ಊಟ ಎರಡನ್ನೂ ಇದು ಕಿತ್ಕೊಳ್ಳತ್ತೆ, ಹತ್ತಾರು ವರ್ಷ ಬದುಕತ್ತೆ ಅಂತ ಅಕ್ಕನಿಗೆ ಹೇಳಿದ್ರೆ "ಮತ್ತೆ ಯಾರಿಗೆ ಕೊಡ್ಬೇಕಿತ್ತು, ಅಂಗಡಿಯವನು ವಾಪಸ್ ತಗೊಳ್ಳಲ್ಲ ಅಂದ" ಅಂತ ನನಗೇ ರೇಗಿದ್ಲು. ಅವಳು ಹೇಳೋದ್ರಲ್ಲೂ ನ್ಯಾಯ ಇದೆ.

ಈ ಒಂದು ವಿಷಯದಲ್ಲಿ ಮಾತ್ರ ಇಲ್ಲಿಯವರು ಪರವಾಗಿಲ್ಲ. ರಾಜ್ಯದ ವನ್ಯಜೀವಿ ಇಲಾಖೆಯವರ ಪೆಟ್ ಆಮ್ನೆಸ್ಟಿ ಅಂತ ಇದೆ, ಸಾಕೋಕಾಗದ ವಿದೇಶಿ ಪ್ರಾಣಿ ತಂದುಕೊಟ್ರೆ ಲೈಸೆನ್ಸ್ ಇರ್ಲಿ ಬಿಡ್ಲಿ ದಂಡ ಹಾಕಲ್ಲ, ಬೇರೆ ಸಾಕೋರಿಗೆ ದಾಟಿಸ್ತಾರೆ. ಆದ್ರೆ ಅದರ ಖರ್ಚೆಲ್ಲ ಸರ್ಕಾರದ ತಲೆಮೇಲೆ, ಲಾಭ ಅಂಗಡಿಯವನದ್ದು. ನನ್ನ ಕೇಳಿದ್ರೆ ಮಾರಿದವನೇ ವಾಪಸ್ ತಗೋಬೇಕು, ಮತ್ತೆ ದುಡ್ಡು ಇಸ್ಕೊಂಡ ದಿನಾನೇ ಪ್ರಾಣಿ ಕೈಗೆ ಕೊಡಬಾರದು. ವಾರ ಬಿಟ್ಟು ಬನ್ನಿ ಅಂದಿದ್ರೆ ನಾನಂತೂ ಆ ಏಡಿಗೆ ಮತ್ತೆ ಬೀಚ್ ತನಕ ಕಾರ್ ಓಡಿಸ್ತಿರ್ಲಿಲ್ಲ. ಬಿಸಿನೆಸ್ ಹೊಡೆದೋಗತ್ತೆ ಅಂತಾರೆ. ಹೋಗ್ಲಿ ಬಿಡಿ.

ಅಕ್ಕನ ಕೋಪ ಇಳಿದ ಮೇಲೆ ಅವಳೇ ಮಾತು ಬದಲಾಯಿಸಿದ್ಲು. ಟ್ಯಾಂಕ್ ಖಾಲಿ ಇದ್ಯಲ್ಲ, ಮಗ ಈಗ ಮೀನು ಬೇಕು ಅಂತಿದಾನಂತೆ. ಯಾವ ಮೀನು ಅಂದೆ. ಏನೋ ಶಾರ್ಕ್ ಅಂತ ಕೊಡ್ತಾರಂತೆ, ಜೋಡಿಗೆ ಇಷ್ಟು ಅಂತ. ಅದು ಅಡಿಗಟ್ಲೆ ಬೆಳೆಯೋ ಮೀನು ಕಣೇ, ಕೇಳಿದ್ಯಾ ಅಂಗಡಿಯವನನ್ನ, ಅಂದೆ.

"ಇಲ್ಲ ಕಣೋ, ಈಗಿನ್ನೂ ಬೆರಳುದ್ದ ಇದೆ" ಅಂದ್ಲು.