ಹಾಸಿಗೆ ಇದ್ದಷ್ಟು ರೋಗಿ

ಅಪೆಂಡಿಕ್ಸ್ ತೆಗೆಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದೆ. ನೋಡಲು ಅಕ್ಕನ ಮಗ ಬಂದ. ಎಂಬಿಎ ಓದುತ್ತಿದ್ದಾನೆ. ಸುಮ್ನೆ ಎಂಬಿಎ ಅಲ್ಲ, ಹೆಲ್ತ್‌ಕೇರ್ ಮ್ಯಾನೇಜ್‌ಮೆಂಟ್. ಬಂದವನು ನನ್ನನ್ನು ನೋಡಲಿಲ್ಲ, ನಾನು ಮಲಗಿದ್ದ ಮಂಚ ನೋಡಿದ. ಆಮೇಲೆ ಪಕ್ಕದ ಖಾಲಿ ಮಂಚ ನೋಡಿದ. ಆಗ ಅವನ ಮುಖದಲ್ಲಿ ನಿಜವಾದ ನೋವು ಕಾಣಿಸಿತು.

"ಮಾವ, ಆಕ್ಯುಪೆನ್ಸಿ ಕಡಿಮೆ ಇದೆ" ಎಂದ.

"ಜನ ಆರೋಗ್ಯವಾಗಿದ್ದಾರೆ ಅಂತ ತಾನೇ ಅರ್ಥ?" ಎಂದೆ, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು. ಮೊದಲನೇ ಸೆಮಿಸ್ಟರ್‌ನಲ್ಲೇ ಫೇಲಾದ ಹುಡುಗನನ್ನು ನೋಡುವ ಹಾಗೆ ನೋಡಿದ.

ಅವನ ನೋಟ್ಸು ಬ್ಯಾಗಿನಲ್ಲೇ ಇತ್ತು. ಮಲಗಿದವನಿಗೆ ಬೇರೆ ಕೆಲಸ ಏನು, ತಿರುವಿ ಹಾಕಿದೆ. ರೋಗಿ ಎನ್ನುವವನು ಎಲ್ಲಿದ್ದಾನೆ ಅಂತ ಹುಡುಕಿದೆ. ಇದ್ದ, ಆದರೆ ವೇಷ ಬದಲಿಸಿಕೊಂಡಿದ್ದ. ಮಾರ್ಕೆಟಿಂಗ್ ಪಾಠದಲ್ಲಿ ಅವನು ಕಸ್ಟಮರ್. ಫೈನಾನ್ಸ್‌ನಲ್ಲಿ ಒಂದು ಹಾಸಿಗೆಗೆ ಬರುವ ಆದಾಯ. ಆಪರೇಷನ್ಸ್‌ನಲ್ಲಿ ಥ್ರೂಪುಟ್, ಅಂದರೆ ಇಷ್ಟು ಹೊತ್ತಿನಲ್ಲಿ ಎಷ್ಟು ಜನ ಒಳಗೆ ಬಂದು ಹೊರಗೆ ಹೋದರು ಅನ್ನುವ ಲೆಕ್ಕ. ಈ ಆಪರೇಷನ್ಸ್‌ಗೂ ಚಾಕು ಕತ್ತರಿಗೂ ಸಂಬಂಧ ಇಲ್ಲ, ನಾನೂ ಮೊದಲು ಮೋಸಹೋದೆ. ಕಾನೂನಿನ ಪಾಠಕ್ಕೆ ಬಂದರೆ ಅದೇ ಮನುಷ್ಯ ರಿಸ್ಕ್. ಒಂದೇ ಹೊಟ್ಟೆನೋವಿಗೆ ನಾಲ್ಕು ಹೆಸರು.

ಒಂದು ಪುಟದಲ್ಲಿ ದಪ್ಪ ಗೆರೆ ಎಳೆದಿದ್ದ. ರೋಮರ್ ನಿಯಮ. ಅಮೆರಿಕದ ಮಿಲ್ಟನ್ ರೋಮರ್ ಮತ್ತು ಮ್ಯಾಕ್ಸ್ ಶೇನ್ 1959ರಲ್ಲಿ ಒಂದು ಲೇಖನ ಬರೆದರು. ಆಸ್ಪತ್ರೆಯ ಖರ್ಚು ಹಾಸಿಗೆಗಳ ಸಂಖ್ಯೆಗೆ ತಕ್ಕಂತೆ ಏರುತ್ತದೆ ಅನ್ನುವುದು ಅದರ ತಿರುಳು. ವಿಮೆ ಇರುವ ಊರಿನಲ್ಲಿ ಹೊಸ ಹಾಸಿಗೆ ಹಾಕಿದರೆ ಸಾಕು, ಅದು ತುಂಬಿಕೊಳ್ಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರು ಅಂದರು. ಇಲ್ಲಿ ಹಾಸಿಗೆ ಇದ್ದಷ್ಟು ರೋಗಿ ಚಾಚಿಕೊಳ್ಳುತ್ತಾನೆ. ರೋಮರ್ ಇದನ್ನು ಹೇಳಿದ್ದು ಎಚ್ಚರಿಕೆ ಅಂತ. ನಮ್ಮ ಹುಡುಗ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದ: "ಗ್ರೋತ್ ಸ್ಟ್ರಾಟಜಿ".

"ನನ್ನನ್ನು ಯಾವಾಗ ಮನೆಗೆ ಕಳಿಸ್ತಾರೋ?" ಎಂದು ಕೇಳಿದೆ.

"ನಿನಗೆ ಪ್ಯಾಕೇಜಾ, ದಿನದ ಲೆಕ್ಕವಾ?"

"ಯಾಕೆ?"

"ಪ್ಯಾಕೇಜ್ ಆದ್ರೆ ನೀನು ಈಗಾಗಲೇ ಗುಣವಾಗಿದ್ದೀಯ ಮಾವ. ದಿನದ ಲೆಕ್ಕ ಆದ್ರೆ ಇನ್ನೂ ಎರಡು ದಿನ ಅಬ್ಸರ್ವೇಶನ್ ಬೇಕು."

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅಲ್ಲ, ಅದಕ್ಕೆ ಇತಿಹಾಸವೇ ಇದೆ. ಅಮೆರಿಕದಲ್ಲಿ ವಯಸ್ಸಾದವರಿಗೆ ಸರ್ಕಾರ ಕೊಡುವ ವಿಮೆ ಮೆಡಿಕೇರ್. ಮೊದಲು ಅದು ಆಸ್ಪತ್ರೆ ತೋರಿಸಿದ ಖರ್ಚನ್ನು ಕೊಡುತ್ತಿತ್ತು. 1983ರಲ್ಲಿ ಲೆಕ್ಕ ಬದಲಾಯಿತು. ಇಂಥ ಕಾಯಿಲೆಗೆ ಇಷ್ಟೇ ದುಡ್ಡು, ಎಷ್ಟು ದಿನ ಇಟ್ಟುಕೊಂಡರೂ ಅಷ್ಟೇ. ಕೆಲವೇ ವರ್ಷದಲ್ಲಿ ರೋಗಿಗಳು ಆಸ್ಪತ್ರೆಯಲ್ಲಿ ಉಳಿಯುವ ದಿನ ಕಡಿಮೆಯಾಯಿತು. ಅವರ ಮೂಳೆ ಬೇಗ ಕೂಡಲು ಕಲಿಯಿತೋ, ಗಾಯ ಬೇಗ ಮಾಗಲು ಕಲಿಯಿತೋ, ಆ ದೇವರಿಗೇ ಗೊತ್ತು. ಔಷಧಿಗಿಂತ ಬಿಲ್ಲಿಂಗ್ ಕೌಂಟರ್ ಕೈಗುಣ ಜಾಸ್ತಿ.

ಆಸ್ಪತ್ರೆಗೆ ಲೆಕ್ಕ ಬಲ್ಲವರು ಬೇಡ ಅಂತ ನಾನು ಹೇಳುತ್ತಿಲ್ಲ. ಆಕ್ಸಿಜನ್ ಸ್ಟಾಕ್ ಎಷ್ಟಿದೆ, ರಾತ್ರಿ ಪಾಳಿಗೆ ಎಷ್ಟು ನರ್ಸ್ ಬೇಕು ಅಂತ ಯಾರಾದರೂ ನೋಡಬೇಕಲ್ಲ. ಎಣಿಸಲಿ, ಆದರೆ ಏನನ್ನು ಎಣಿಸುತ್ತಾರೆ? ಅರ್ನೆಸ್ಟ್ ಕಾಡ್ಮನ್ ಎಂಬ ಸರ್ಜನ್ ಬಾಸ್ಟನ್‌ನಲ್ಲಿದ್ದ. ಆಪರೇಷನ್ ಆದ ಪ್ರತಿಯೊಬ್ಬ ರೋಗಿ ಆಮೇಲೆ ಹೇಗಿದ್ದಾನೆ ಅಂತ ಬೆನ್ನು ಹತ್ತಿ ವಿಚಾರಿಸಬೇಕು, ಫಲಿತಾಂಶವನ್ನು ಊರಿಗೆಲ್ಲ ತಿಳಿಸಬೇಕು ಅನ್ನುವುದು ಅವನ ಹಟ. ತನ್ನದೇ ಸಣ್ಣ ಆಸ್ಪತ್ರೆ ತೆರೆದ. 1911ರಿಂದ 1916ರವರೆಗೆ ಅಲ್ಲಿಂದ ಮನೆಗೆ ಹೋದವರು 337 ಜನ. ಅವರ ಚಿಕಿತ್ಸೆಯಲ್ಲಿ ಆದ 123 ತಪ್ಪುಗಳನ್ನು ತಾನೇ ಅಚ್ಚು ಹಾಕಿಸಿ ಹಂಚಿದ. ಸಹೋದ್ಯೋಗಿಗಳು ಅವನನ್ನು ದೂರವಿಟ್ಟರು. ಕೊನೆಗಾಲದಲ್ಲಿ ಕೈಯಲ್ಲಿ ಕಾಸೂ ಇರಲಿಲ್ಲ.

ಈ ಕಥೆ ಹೇಳಿದೆ. ಹುಡುಗ ಲೊಚಗುಟ್ಟಿದ. "ಪಾಪ, ಬ್ರ್ಯಾಂಡಿಂಗ್ ಗೊತ್ತಿರಲಿಲ್ಲ."

ಅಷ್ಟರಲ್ಲಿ ನನ್ನ ಫೋನ್ ಟಿಣ್ ಅಂದಿತು. ಆಸ್ಪತ್ರೆಯದೇ ಮೆಸೇಜ್. ಡ್ರಿಪ್ ಸೂಜಿ ಇನ್ನೂ ಕೈಯಲ್ಲೇ ಇದೆ. "ನಮ್ಮನ್ನು ನಿಮ್ಮ ಸ್ನೇಹಿತರಿಗೆ ಅಥವಾ ಬಂಧುಗಳಿಗೆ ಶಿಫಾರಸು ಮಾಡುವಿರಾ? ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ." ಒಳ್ಳೆಯ ಡಾಕ್ಟರು, ಒಳ್ಳೆಯ ನರ್ಸು. ಎಂಟು ಕೊಟ್ಟೆ. ನಾವು ಓದುವಾಗ ಹತ್ತಕ್ಕೆ ಎಂಟು ಬಂದರೆ ಬೀದಿಗೆಲ್ಲ ಹೇಳುತ್ತಿದ್ದೆವು.

"ಅಯ್ಯೋ, ಎಂಟಾ?" ಹುಡುಗ ಹಣೆ ಚಚ್ಚಿಕೊಂಡ. ಇದರ ಹೆಸರು ನೆಟ್ ಪ್ರೊಮೋಟರ್ ಸ್ಕೋರ್, 2003ರಲ್ಲಿ ಫ್ರೆಡ್ ರೈಕ್‌ಹೆಲ್ಡ್ ಎಂಬ ಕನ್ಸಲ್ಟೆಂಟ್ ಕೊಟ್ಟದ್ದಂತೆ. ಒಂಬತ್ತು, ಹತ್ತು ಕೊಟ್ಟವನು ಪ್ರಚಾರಕ. ಆರು ಮತ್ತು ಅದಕ್ಕಿಂತ ಕೆಳಗೆ ಕೊಟ್ಟವನು ನಿಂದಕ. ಏಳು, ಎಂಟು ಕೊಟ್ಟವನು ಯಾವ ಕಡೆಯೂ ಅಲ್ಲ, ಪ್ಯಾಸಿವ್. ಅಂದರೆ ಹೊಟ್ಟೆ ಕುಯ್ಸಿಕೊಂಡೂ ನಾನು ಲೆಕ್ಕಕ್ಕಿಲ್ಲ.

"ಯಾರಿಗಪ್ಪಾ ಶಿಫಾರಸು ಮಾಡಲಿ?" ಎಂದೆ. "ಬಾರಯ್ಯ, ಅಪೆಂಡಿಕ್ಸ್ ತೆಗೆಸ್ಕೋ, ಚೆನ್ನಾಗಿರುತ್ತೆ ಅಂತ ಯಾವ ಸ್ನೇಹಿತನಿಗೆ ಹೇಳಲಿ?"

ಹುಡುಗ ತಕ್ಷಣ ಉತ್ತರ ಕೊಡಲಿಲ್ಲ. ಪಕ್ಕದ ಖಾಲಿ ಮಂಚವನ್ನೇ ನೋಡುತ್ತ ಕೂತ. ಆಮೇಲೆ, ಕಿಟಕಿ ಹತ್ತಿರ ನಿಂತಿದ್ದ ನನ್ನ ಹೆಂಡತಿಯ ಕಡೆ ನಿಧಾನವಾಗಿ ತಿರುಗಿದ.

"ಅತ್ತೆ, ಹೋದ ತಿಂಗಳು ಮಂಡಿನೋವು ಅಂತಿದ್ರಲ್ಲ?"