ಆ ಕಪ್ಪು ಕುದುರೆಯ ಕೂದಲು ಮೊದಲು ತೆಗೆಯಿರಿ

ತಿಲವಾಡಾದ ಜಾನುವಾರು ಜಾತ್ರೆಯಿಂದ ಬಂದಾಗಿನಿಂದ ಈ ಮಾತು ಒಳಗೇ ಕುದಿಯುತ್ತಿದೆ. ರಾಜಸ್ಥಾನದ ಲೂಣಿ ನದಿಯ ಒಣ ಮರಳಿನ ಮೇಲೆ ಮಾರವಾಡಿ ಕುದುರೆಗಳು ಸಾಲುಗಟ್ಟಿ ನಿಂತಿರುತ್ತವೆ. ತುದಿಗೆ ತುದಿ ತಾಗುವಂತೆ ಒಳಕ್ಕೆ ಬಾಗಿದ ಆ ಕಿವಿಗಳನ್ನು ಎಷ್ಟು ನೋಡಿದರೂ ನನಗೆ ಸಾಲದು. ಆದರೆ ಮರಿಯ ತಂದೆ ಯಾರೆಂದು ಕೇಳಿದಲ್ಲೆಲ್ಲ ಸಿಕ್ಕಿದ್ದು ಅವೇ ಎರಡು ಮೂರು ಪ್ರಸಿದ್ಧ ಬೀಜದ ಕುದುರೆಗಳ ಹೆಸರು.

ಹೇಳಿದ್ದು ಸುಳ್ಳಾದರೆ ಕೊಂಡವನಿಗೆ ಮೋಸ. ನಿಜವಾದರೆ ಇಡೀ ತಳಿಗೇ ಗಂಡಾಂತರ.

ಈ ತಳಿ ಒಮ್ಮೆ ಅಳಿವಿನ ಬಾಗಿಲು ತಟ್ಟಿ ಬಂದದ್ದು. 1930ರ ದಶಕದಲ್ಲಿ ಜೋಧಪುರದ ಮಹಾರಾಜ ಉಮೈದ್ ಸಿಂಗ್ ಒಳ್ಳೆಯ ಕುದುರೆಗಳನ್ನು ಹುಡುಕಿ ಉಳಿಸಿದರು. ಸ್ವಾತಂತ್ರ್ಯದ ನಂತರ ಜಾಗೀರುಗಳು ಹೋದವು, ಜೊತೆಗೆ ಲಾಯಗಳೂ ಬರಿದಾದವು. ಅಷ್ಟು ಕಿರಿದಾದ ದಾರಿಯಲ್ಲಿ ನುಸುಳಿ ಉಳಿದ ರಕ್ತವನ್ನು ನಾವೀಗ ಮತ್ತೆ ಎರಡು ಮೂರು ಹೆಸರುಗಳಿಗೆ ಇಳಿಸುತ್ತಿದ್ದೇವೆ. ಅರಬ್ಬಿ ಕುದುರೆಗಳನ್ನು ನೋಡಿ. ಅವುಗಳಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿ, ಕೆಲವೇ ತಿಂಗಳಲ್ಲಿ ಸಾಯುವ ಮರಿಗಳಿವೆ. ತಂದೆ ತಾಯಿ ಇಬ್ಬರೂ ಆ ದೋಷವನ್ನು ಮರೆಯಲ್ಲಿ ಹೊತ್ತಿದ್ದರೆ ನಾಲ್ಕರಲ್ಲಿ ಒಂದು ಮರಿಗೆ ಈ ಗತಿ ಬರಬಹುದು. ಒಂದೇ ಕುಲದೊಳಗೆ ಕೂಡಿಸಿದಷ್ಟೂ ಇಂಥ ಜೋಡಿಗಳು ಹೆಚ್ಚುತ್ತವೆ.

ಸುಳ್ಳು ಹೆಸರಿನಿಂದಲೂ ಇದೇ ಕೇಡು. ಕಾಗದದ ಮೇಲೆ ಸಂಬಂಧವೇ ಇಲ್ಲದ ಎರಡು ಕುದುರೆಗಳು ನಿಜದಲ್ಲಿ ಒಂದೇ ತಂದೆಯ ಮಕ್ಕಳಾಗಿದ್ದರೆ, ಎಚ್ಚರದಿಂದ ಜೋಡಿ ಆರಿಸಿದವನೂ ಅಣ್ಣ ತಂಗಿಯನ್ನು ಕೂಡಿಸುತ್ತಾನೆ.

ಇದನ್ನು ತಪ್ಪಿಸುವುದು ತಂದೆ ಯಾರೆಂದು ಹೇಳುವ ಡಿಎನ್‌ಎ ಪರೀಕ್ಷೆ. ಅದಕ್ಕೆ ಬೇಕಾದುದು ಬೇರುಸಹಿತ ಕಿತ್ತ ಕೆಲವು ಕೇಸರದ ಕೂದಲು ಮತ್ತು ಒಂದು ಕಾಗದದ ಲಕೋಟೆ. ಕತ್ತರಿಸಿದ ಕೂದಲು ಕೆಲಸಕ್ಕೆ ಬಾರದು, ಪರೀಕ್ಷೆಗೆ ಬೇಕಾದ ಜೀವಕೋಶ ಇರುವುದು ಬೇರಿನಲ್ಲಿ. ಡಿಎನ್‌ಎಯ ಹತ್ತಾರು ಗುರುತುಗಳಲ್ಲಿ ಪ್ರತಿಯೊಂದಕ್ಕೂ ಮರಿಯಲ್ಲಿ ಎರಡು ಪ್ರತಿಗಳಿರುತ್ತವೆ, ತಾಯಿಯದೊಂದು, ತಂದೆಯದೊಂದು. ತಾಯಿಯ ಪಾಲು ಕಳೆದು ಉಳಿದದ್ದು ಹೆಸರಿಸಿದ ತಂದೆಯಲ್ಲಿ ಹಲವು ಕಡೆ ಸಿಗದಿದ್ದರೆ ಆತ ತಂದೆಯಲ್ಲ, ಮುಗಿಯಿತು. ನಮ್ಮ ದೇಶದಲ್ಲಿ ಹುಟ್ಟುವ, ಪಂದ್ಯಕ್ಕೆಂದೇ ಬೆಳೆಸುವ ಥರೋಬ್ರೆಡ್ ತಳಿಯ ಮರಿಗೂ ಈ ಪರೀಕ್ಷೆ ದಾಟದೆ ವಂಶಾವಳಿಯಲ್ಲಿ ಜಾಗವಿಲ್ಲ. ಪಂದ್ಯದ ಕುದುರೆಗೆ ಇರುವ ಈ ಶಿಸ್ತು ದೇಶಿ ಕುದುರೆಗೆ ಏಕೆ ಬೇಡ?

ಇನ್ನೊಂದು ಮಾತು ನನ್ನ ನಿದ್ದೆ ಕೆಡಿಸುತ್ತದೆ. ಈ ಪರೀಕ್ಷೆ ನಿಂತಿರುವುದೇ ಕುದುರೆಯಿಂದ ಕುದುರೆಗೆ ಇರುವ ವ್ಯತ್ಯಾಸದ ಮೇಲೆ. ಬೀಜದ ಕುದುರೆಗಳೆಲ್ಲ ಅಣ್ಣತಮ್ಮಂದಿರಾದರೆ ಗುರುತುಗಳೂ ಒಂದೇ ಆಗುತ್ತಾ ಹೋಗುತ್ತವೆ. ಆಗ ತಂದೆಗೂ ಚಿಕ್ಕಪ್ಪನಿಗೂ ಇರುವ ಭೇದ ಹೇಳುವುದು ಪ್ರಯೋಗಾಲಯಕ್ಕೂ ಕಷ್ಟ. ವೈವಿಧ್ಯ ಕರಗಿದ ಮೇಲೆ ಅದನ್ನು ಅಳೆಯುವ ಕೋಲೂ ಮೊಂಡಾಗುತ್ತದೆ. ಹಾಗಾಗಿ ತಡ ಮಾಡುವಂತಿಲ್ಲ.

ಪರೀಕ್ಷೆ ಕಡ್ಡಾಯವಾಗಲಿ. ಒಂದು ಬೀಜದ ಕುದುರೆಯ ಎಷ್ಟು ಮರಿಗಳನ್ನು ವರ್ಷಕ್ಕೆ ನೋಂದಾಯಿಸಬಹುದು ಎಂಬುದಕ್ಕೂ ಮಿತಿ ಇರಲಿ. ಬೆಲೆ ಬೀಳುತ್ತದೆಂದು ಮಾಲೀಕರು ಮುನಿಯಬಹುದು, ಮುನಿಯಲಿ. ಆದರೆ ತಂದೆ ಗೊತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಯಾವ ಹೆಣ್ಣುಕುದುರೆಯನ್ನೂ ಹೊರಗಿಡಬಾರದು.

ಜಾತ್ರೆಯ ಕೊನೆಯ ಸಾಲಿನಲ್ಲಿ ಒಬ್ಬ ಮುದುಕ ಕಪ್ಪು ಹೆಣ್ಣುಕುದುರೆಯೊಂದನ್ನು ಹಿಡಿದು ನಿಂತಿದ್ದ. ತಂದೆ ಯಾರೆಂದು ಕೇಳಿದೆ. "ನಮ್ಮ ಊರಿನದೇ ಯಾವುದೋ, ಹೆಸರಿಲ್ಲ" ಎಂದು ತಲೆ ತಗ್ಗಿಸಿದ. ಇಡೀ ದಿನ ನಾನು ಕೇಳಿದ ಹೊಸ ಉತ್ತರ ಅದೊಂದೇ. ಎಲ್ಲರೂ ಕಳೆದುಕೊಳ್ಳುತ್ತಿರುವ ರಕ್ತ ಅವನ ಕುದುರೆಯಲ್ಲಿ ಉಳಿದಿರಬಹುದು. ಲಕೋಟೆಗೆ ಮೊದಲು ಸೇರಬೇಕಾದದ್ದು ಅದರ ಕೂದಲು.